ಹಸು ಮಾರಬೇಡಿ, ಹೊಲಿಗೆ ಬಿಡಬೇಡಿ

ಹತ್ತು ಪೌಂಡ್‌ನಲ್ಲಿ ಬಟ್ಟೆ ಉದ್ಯಮ ಕಟ್ಟಿದ ದಂಪತಿಯಿಂದ ನಾವು ಕಲಿಯಬೇಕಾದ್ದು



ಲಸಿಕೆ ಹಾಕಲು, ಬರಡು ರಾಸುಗಳ ತಪಾಸಣೆ ಮಾಡಲು ನಿಮ್ಮ ಊರುಗಳಿಗೆ ಬಂದಾಗ ನೀವು ಕೇಳುವ ಪ್ರಶ್ನೆಗಳೆಲ್ಲ ದನದ ಕಾಯಿಲೆಯದ್ದೇ ಆಗಿರುವುದಿಲ್ಲ. "ಡಾಕ್ಟ್ರೇ, ಈ ಹಸುವಿಗೆ ಈಗ ಎಷ್ಟು ಸಿಗಬಹುದು?" ಎಂದು ಯಾರಾದರೂ ಕೇಳಿದರೆ ಅದರ ಹಿಂದೆ ಬೇರೆ ಯೋಚನೆ ಇರುತ್ತದೆ. ಟೈಲರಿಂಗ್ ಕಲಿತಾಗಿದೆ, ಯಜಮಾನರೂ ಜೊತೆಗೆ ನಿಲ್ಲುತ್ತೇನೆ ಎನ್ನುತ್ತಾರೆ, ಎರಡು ಹಸು ಮಾರಿ ನಾಲ್ಕು ಮೆಷಿನ್ ಹಾಕಿ ಒಂದು ಬೋರ್ಡ್ ಬರೆಸಿದರೆ ಹೇಗೆ? ನೈಟಿ, ಮಕ್ಕಳ ಬಟ್ಟೆ, ಬ್ಲೌಸ್ ಹೊಲಿದು ನಮ್ಮದೇ ಹೆಸರಿನಲ್ಲಿ ಮಾರಬಹುದಲ್ಲ?

ಆಸೆ ತಪ್ಪಲ್ಲ. ಹಾಲಿನ ಜೊತೆಗೆ ಇನ್ನೊಂದು ಆದಾಯ ಇರುವ ಮನೆ ಬರಗಾಲವನ್ನೂ ತಾಳುತ್ತದೆ. ಆದರೆ ಹಸು ಮಾರಿ ಶುರು ಮಾಡಬೇಕೋ, ಹಸು ಇಟ್ಟುಕೊಂಡು ಶುರು ಮಾಡಬೇಕೋ ಎಂಬುದು ಮನೆಯ ಮುಂದಿನ ಹತ್ತು ವರ್ಷವನ್ನು ತೀರ್ಮಾನಿಸುವ ಪ್ರಶ್ನೆ. ಬಟ್ಟೆ ವ್ಯಾಪಾರ ನಾನು ಓದಿದ ವಿದ್ಯೆಯಲ್ಲ. ಹಾಗಾಗಿ ಬರೀ ಉಪದೇಶ ಹೇಳುವ ಬದಲು, ಕೈಯಲ್ಲಿ ಹಣವಾಗಲೀ ಅನುಭವವಾಗಲೀ ಇಲ್ಲದೆ ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಉದ್ಯಮ ಶುರು ಮಾಡಿದ ಒಬ್ಬ ಗಂಡ ಹೆಂಡತಿಯ ನಿಜವಾದ ಕಥೆ ಹೇಳುತ್ತೇನೆ. ಅವರು ಬ್ರಿಟನ್ನಿನ ಲಾರಾ ಆಶ್ಲಿ ಮತ್ತು ಬರ್ನಾರ್ಡ್ ಆಶ್ಲಿ.

ಮಹಿಳಾ ಸಂಘದಲ್ಲಿ ಹುಟ್ಟಿದ ಯೋಚನೆ

ಲಾರಾ ಹುಟ್ಟಿದ್ದು 1925ರಲ್ಲಿ, ವೇಲ್ಸ್ ಪ್ರಾಂತ್ಯದ ಗಣಿ ಊರೊಂದರಲ್ಲಿದ್ದ ಅಜ್ಜಿಯ ಮನೆಯಲ್ಲಿ. ಎರಡನೇ ಮಹಾಯುದ್ಧದ ನಂತರ, 1949ರಲ್ಲಿ ಲಂಡನ್ನಿನ ಬರ್ನಾರ್ಡ್ ಜೊತೆ ಮದುವೆಯಾಯಿತು. ಬರ್ನಾರ್ಡ್ ಲಂಡನ್ನಿನಲ್ಲಿ ಕಚೇರಿ ನೌಕರಿ ಮಾಡುತ್ತಿದ್ದರು. ಲಾರಾ 'ವುಮೆನ್ಸ್ ಇನ್‌ಸ್ಟಿಟ್ಯೂಟ್' ಎಂಬ ಮಹಿಳಾ ಸಂಘಗಳ ಒಕ್ಕೂಟದ ಕಚೇರಿಯಲ್ಲಿ ಸೆಕ್ರೆಟರಿ ಆಗಿದ್ದರು.

ಈ ಸಂಘದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅದಕ್ಕೂ ಹಾಲಿಗೂ ನಂಟಿದೆ. ಅದು ಮೊದಲು ಹುಟ್ಟಿದ್ದು 1897ರಲ್ಲಿ ಕೆನಡಾದಲ್ಲಿ. ಅದರ ಹುಟ್ಟಿಗೆ ಕಾರಣರಾದ ಅಡಿಲೇಡ್ ಹುಡ್‌ಲೆಸ್ ಎಂಬ ತಾಯಿ ತನ್ನ ಹಸುಗೂಸನ್ನು ಕಳೆದುಕೊಂಡಿದ್ದರು. ಕೆಟ್ಟ ಹಾಲು ಕುಡಿದದ್ದೇ ಮಗುವಿನ ಸಾವಿಗೆ ಕಾರಣ ಎಂದು ಅವರು ನಂಬಿದ್ದರು. ಹಳ್ಳಿಯ ಹೆಣ್ಣುಮಕ್ಕಳು ಸೇರಿ ಶುಚಿತ್ವ, ಮನೆವಾರ್ತೆ, ಕೈಕೆಲಸ ಕಲಿಯಬೇಕು ಎಂದು ಓಡಾಡಿದರು. ಬ್ರಿಟನ್ನಿನಲ್ಲಿ ಇಂಥ ಮೊದಲ ಸಂಘ 1915ರಲ್ಲಿ ವೇಲ್ಸ್‌ನ ಒಂದು ಹಳ್ಳಿಯಲ್ಲೇ ಶುರುವಾಯಿತು. ಕ್ಯಾನ್ ತೊಳೆಯಿರಿ, ಕೆಚ್ಚಲು ಒರೆಸಿ ಕರೆಯಿರಿ ಎಂದು ನಾವು ನಿಮ್ಮ ಬೆನ್ನು ಬೀಳುವುದರ ಹಿಂದೆ ಇರುವುದೂ ಇದೇ ಕಾಳಜಿ.

1950ರ ದಶಕದ ಆರಂಭದಲ್ಲಿ ಈ ಸಂಘದ ಹೆಣ್ಣುಮಕ್ಕಳ ಕೈಕೆಲಸಗಳ ಪ್ರದರ್ಶನವೊಂದು ಲಂಡನ್ನಿನ ದೊಡ್ಡ ವಸ್ತುಸಂಗ್ರಹಾಲಯದಲ್ಲಿ ನಡೆಯಿತು. ಅದನ್ನು ನೋಡಿ ಲಾರಾಗೆ ತುಂಡುಬಟ್ಟೆ ಜೋಡಿಸಿ ಹೊದಿಕೆ ಹೊಲಿಯುವ ಹುಚ್ಚು ಹಿಡಿಯಿತು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೆ ಸೀರೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರಲ್ಲ, ಬಹುಮಟ್ಟಿಗೆ ಅಂಥದ್ದೇ ಕೆಲಸ. ಅದಕ್ಕೆ ಬೇಕಾದ ಸಣ್ಣ ಸಣ್ಣ ಹೂವಿನ, ಸಣ್ಣ ಗೆರೆಯ ಬಟ್ಟೆ ಹುಡುಕಿಕೊಂಡು ಅಂಗಡಿಗಳಿಗೆ ಹೋದರೆ ಎಲ್ಲೂ ಸಿಗಲಿಲ್ಲ.

ಸಿಗದಿದ್ದರೆ ನಾವು ಸುಮ್ಮನಾಗುತ್ತೇವೆ. ಲಾರಾ ತಾವೇ ಅಚ್ಚು ಹಾಕಿ ನೋಡೋಣ ಎಂದುಕೊಂಡರು. ಅವರ ಬ್ರಾಂಡ್ ಹುಟ್ಟಿದ್ದು ಹೀಗೆ: ತನಗೆ ಬೇಕಾದ ಒಂದು ವಸ್ತು ಪೇಟೆಯಲ್ಲಿ ಇಲ್ಲ ಎಂದು ಒಬ್ಬ ಹೆಣ್ಣುಮಗಳಿಗೆ ಗೊತ್ತಾದದ್ದರಿಂದ.

133 ರೂಪಾಯಿಯ ಬಂಡವಾಳ

1953ರಲ್ಲಿ ಇಬ್ಬರೂ ಸೇರಿ ಹತ್ತು ಪೌಂಡ್ ಹಾಕಿದರು. ಆಗಿನ ವಿನಿಮಯ ದರದಲ್ಲಿ ಅದು ನಮ್ಮ ಸುಮಾರು 133 ರೂಪಾಯಿ. ಆ ಹಣದಲ್ಲಿ ಚೌಕಟ್ಟಿಗೆ ಮರ, ಬಣ್ಣ, ಒಂದಿಷ್ಟು ಗಜ ನಾರುಬಟ್ಟೆ ಬಂತು. ಅಚ್ಚು ಹಾಕುವುದು ಹೇಗೆಂದು ಗ್ರಂಥಾಲಯದ ಪುಸ್ತಕ ನೋಡಿ ಕಲಿತರು. ಲಂಡನ್ನಿನ ಪುಟ್ಟ ಬಾಡಿಗೆ ಮನೆಯಲ್ಲಿ ಊಟದ ಮೇಜೇ ಕಾರ್ಖಾನೆಯಾಯಿತು.

ಅವರು ಮಾಡಿದ್ದು ಸ್ಕ್ರೀನ್ ಪ್ರಿಂಟಿಂಗ್. ಮರದ ಚೌಕಟ್ಟಿಗೆ ತೆಳುವಾದ ಜಾಲರಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಹೂವಿನ ಚಿತ್ರ ಬೇಕಾದ ಕಡೆ ಮಾತ್ರ ಬಣ್ಣ ಇಳಿಯುವಂತೆ ಬಿಟ್ಟು ಉಳಿದ ಜಾಗವನ್ನು ಮುಚ್ಚುತ್ತಾರೆ. ಕೆಳಗೆ ಬಟ್ಟೆ ಹಾಸಿ, ಮೇಲಿನಿಂದ ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒತ್ತಿ ಎಳೆದರೆ ಚಿತ್ರ ಮೂಡುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಚೌಕಟ್ಟು ಬೇಕು. ಬಣ್ಣ ಕಡಿಮೆಯಾದಷ್ಟೂ ಖರ್ಚು ಕಡಿಮೆ.

ಮೊದಲು ಮಾಡಿದ್ದು ಉಡುಪಲ್ಲ. ತಲೆಗೆ ಕಟ್ಟುವ ಸ್ಕಾರ್ಫ್, ಕೈ ಒರೆಸುವ ಕರವಸ್ತ್ರ, ಊಟದ ಮೇಜಿಗೆ ಹಾಸುವ ಬಟ್ಟೆ. ಇವುಗಳಿಗೆ ಅಳತೆ ಬೇಡ, ತೋಳು ಕತ್ತರಿಸಬೇಕಿಲ್ಲ, ಕುತ್ತಿಗೆ ಬಿಗಿಯಾಯಿತೆಂದು ಯಾರೂ ವಾಪಸ್ ತರುವುದಿಲ್ಲ. ನಾಲ್ಕು ಅಂಚು ಮಡಚಿ ಹೊಲಿದರೆ ಮುಗಿಯಿತು. ಅನುಭವವಿಲ್ಲದವರು ಮೊದಲು ಕೈಹಾಕಬೇಕಾದ್ದು ಇಂಥದ್ದಕ್ಕೇ. ಅದೇ ವರ್ಷ ತೆರೆಕಂಡ 'ರೋಮನ್ ಹಾಲಿಡೇ' ಚಿತ್ರದಲ್ಲಿ ನಟಿ ಆಡ್ರೆ ಹೆಪ್‌ಬರ್ನ್ ಸ್ಕಾರ್ಫ್ ತೊಟ್ಟಿದ್ದರು. ಹುಡುಗಿಯರೆಲ್ಲ ಸ್ಕಾರ್ಫ್ ಕೇಳತೊಡಗಿದರು. ಆಶ್ಲಿ ದಂಪತಿಯ ಸರಕು ಜಾನ್ ಲೂಯಿಸ್‌ನಂಥ ದೊಡ್ಡ ಅಂಗಡಿಗೂ ಹೋಯಿತು, ಅಂಚೆ ಮೂಲಕವೂ ಮಾರಾಟವಾಯಿತು.

ಅದೃಷ್ಟ ಕೂಡಿಬಂತು ಎಂದು ನೀವು ಹೇಳಬಹುದು. ನಿಜ. ಆದರೆ ಅದೃಷ್ಟ ಬಾಗಿಲಿಗೆ ಬಂದ ದಿನ ಅವರ ಕೈಯಲ್ಲಿ ಮಾರಲು ಸರಕು ಇತ್ತು.

ನೌಕರಿ ಬಿಟ್ಟದ್ದು ಯಾವಾಗ?

ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಬರ್ನಾರ್ಡ್ ಕೆಲಸ ಬಿಟ್ಟು ಅಚ್ಚು ಹಾಕಲು ಕೂರಲಿಲ್ಲ. ನೌಕರಿಯ ಸಂಬಳ ಬರುತ್ತಿರುವಾಗಲೇ ಮನೆಯಲ್ಲಿ ಅಚ್ಚಿನ ಕೆಲಸ ಶುರುವಾಯಿತು. ಸ್ಕಾರ್ಫ್ ಓಡತೊಡಗಿ ಬೇಡಿಕೆ ಹೆಚ್ಚಾದ ಮೇಲಷ್ಟೇ ಅವರು ನೌಕರಿ ಬಿಟ್ಟರು. ಮೊದಲ ಹತ್ತು ಪೌಂಡ್ ಪೂರ್ತಿ ಮುಳುಗಿದ್ದರೂ ಅವರ ಮನೆಯ ಬಾಡಿಗೆ ನಿಲ್ಲುತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಆ ಸಂಬಳದ ಜಾಗದಲ್ಲಿ ಇರುವುದು ಹಾಲಿನ ಬಟವಾಡೆ. ಮಳೆ ಬರಲಿ ಬಿಡಲಿ, ಟೊಮೆಟೊ ಬೆಲೆ ಏರಲಿ ಇಳಿಯಲಿ, ಡೇರಿಗೆ ಹಾಕಿದ ಹಾಲಿನ ಹಣ ನಿಮ್ಮ ಖಾತೆಗೆ ಬರುತ್ತದೆ. ಬಟ್ಟೆ ವ್ಯಾಪಾರದಲ್ಲಿ ಹಾಗಲ್ಲ. ಹಬ್ಬದ ತಿಂಗಳಲ್ಲಿ ಕೈತುಂಬ ಕೆಲಸ, ಆಷಾಢದಲ್ಲಿ ಮೆಷಿನ್ ಮೇಲೆ ಧೂಳು. ಹಾಲಿನ ಹಣದಿಂದ ಹೊಲಿಗೆ ಬೆಳೆಸಬಹುದು. ಹಸುವನ್ನೇ ಮಾರಿ ಹೊಲಿಗೆಗೆ ಸುರಿದರೆ, ಆ ಧೂಳಿನ ತಿಂಗಳಲ್ಲಿ ಒಲೆ ಉರಿಸುವುದು ಹೇಗೆ?

ಹಸು ಬತ್ತುವ ಲೆಕ್ಕ ನಿಮಗೆ ಗೊತ್ತೇ ಇದೆ. ಕರು ಹಾಕಿದ ಮೇಲೆ ಸುಮಾರು 305 ದಿನ ಹಾಲು, ಮುಂದಿನ ಕರುವಿಗೆ ಮುಂಚೆ 60 ದಿನ ವಿಶ್ರಾಂತಿ. ಆ ಎರಡು ತಿಂಗಳು ಒಂದು ಲೀಟರ್ ಹಾಲೂ ಇಲ್ಲ, ಆದರೆ ಮೇವು, ಹಿಂಡಿ, ಖನಿಜ ಮಿಶ್ರಣ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಮುಂದಿನ ಸೂಲಿನ ಹಾಲೇ ಕುಸಿಯುತ್ತದೆ. ವ್ಯಾಪಾರಕ್ಕೂ ಇಂಥ ಬತ್ತಿದ ಕಾಲ ಬರುತ್ತದೆ. ಅದನ್ನು ದಾಟಲು ಬೇರೆ ಕಡೆಯಿಂದ ಬರುವ ಹಣ ಇರಲೇಬೇಕು.

ಮೂರು ಅಡಿ ನೀರು, ಮತ್ತೆ ಮೊದಲಿನಿಂದ

1950ರ ದಶಕದ ನಡುವೆ ಜಾಗ ಸಾಲದೆ ಲಂಡನ್ ಬಿಟ್ಟು ಪಕ್ಕದ ಕೆಂಟ್ ಸೀಮೆಗೆ ಹೋದರು. 1958ರಲ್ಲಿ ಡಾರೆಂಟ್ ನದಿ ಉಕ್ಕಿ ಕಾರ್ಖಾನೆಗೆ ನುಗ್ಗಿತು. ಯಂತ್ರ, ಬಣ್ಣ, ಬಟ್ಟೆ ಎಲ್ಲ ಮೂರು ಅಡಿ ನೀರಿನಲ್ಲಿ ತೇಲಿದವು. ಬಹುತೇಕ ಮುಳುಗಿಹೋದ ವ್ಯಾಪಾರವನ್ನು ಮತ್ತೆ ಎತ್ತಿ ನಿಲ್ಲಿಸಿದರು.

1960ರ ದಶಕದ ಆರಂಭದಲ್ಲಿ ಮಕ್ಕಳೊಂದಿಗೆ ವೇಲ್ಸ್‌ಗೆ ಬಂದರು. ಅಲ್ಲಿನ ಒಂದು ಸಣ್ಣ ಪೇಟೆಯಲ್ಲಿ 1961ರಲ್ಲಿ ತಮ್ಮದೇ ಮೊದಲ ಅಂಗಡಿ ತೆರೆದರು. ತಮ್ಮ ಬಟ್ಟೆಯ ಜೊತೆಗೆ ಸುತ್ತಮುತ್ತಲ ಜೇನುತುಪ್ಪ, ಊರುಗೋಲುಗಳನ್ನೂ ಇಟ್ಟು ಮಾರಿದರು. ಬ್ರಾಂಡ್ ಕಟ್ಟುವವರು ಊರುಗೋಲು ಮಾರುವುದೇ ಎಂದು ಅವರು ಮುಜುಗರಪಡಲಿಲ್ಲ. ಬಾಡಿಗೆ ಹುಟ್ಟಬೇಕಲ್ಲ!

ನಂತರ ಕಾರ್ನೊ ಎಂಬ ಹಳ್ಳಿಯಲ್ಲಿ ಕೆಲಸ ಶುರುವಾಯಿತು. ಕುರಿ, ದನ ಸಾಕುವ ಬೆಟ್ಟದ ಸೀಮೆ ಅದು. ಮೊದಲು ಅಲ್ಲಿನ ಒಂದು ಕ್ಲಬ್ ಕಟ್ಟಡದಲ್ಲಿ, 1967ರಿಂದ ಹಳೆಯ ರೈಲು ನಿಲ್ದಾಣದ ಜಾಗದಲ್ಲಿ ಕಾರ್ಖಾನೆ ನಡೆಯಿತು. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಹೊಲಿಗೆಗೆ ಬಂದರು. ಅಷ್ಟು ಹೊತ್ತಿಗೆ ಬರ್ನಾರ್ಡ್ ತಮ್ಮ ಅಚ್ಚಿನ ಯಂತ್ರವನ್ನು ವಾರಕ್ಕೆ 5,000 ಮೀಟರ್ ಬಟ್ಟೆ ಅಚ್ಚಾಗುವ ಮಟ್ಟಕ್ಕೆ ಸುಧಾರಿಸಿದ್ದರು.

ಇಬ್ಬರ ಕೆಲಸ ಬೇರೆ ಬೇರೆ ಇತ್ತು. ಯಾವ ಹೂವು, ಯಾವ ಬಣ್ಣ, ಯಾವ ಉಡುಪು ಎಂಬುದು ಲಾರಾ ಕೆಲಸ. ಯಂತ್ರ, ಉತ್ಪಾದನೆ, ವ್ಯವಹಾರ ಬರ್ನಾರ್ಡ್ ಕೆಲಸ. ನಿಮ್ಮ ಮನೆಯಲ್ಲೂ ಶುರುವಿನಲ್ಲೇ ಇದನ್ನು ಮಾತಾಡಿಕೊಳ್ಳಿ. ಬಟ್ಟೆ ಆರಿಸುವುದು ಯಾರು, ತರುವುದು ಯಾರು, ಪಾಸ್‌ಬುಕ್ ನೋಡುವುದು ಯಾರು, ಬಾಕಿ ಕೇಳಲು ಹೋಗುವುದು ಯಾರು? ಜೊತೆಗೆ ಇನ್ನೊಂದು: ನೀವು ಮೆಷಿನ್ ಮುಂದೆ ಕೂತ ದಿನ ಹುಲ್ಲು ಕೊಯ್ಯುವುದು, ಸಂಜೆ ಹಾಲು ಕರೆಯುವುದು ಯಾರು? ಇದಕ್ಕೆ ಉತ್ತರ ಇಲ್ಲದಿದ್ದರೆ ಹೊಸ ಕೆಲಸ ಹಳೆ ಕೆಲಸದ ಮೇಲೆ ಹೊರೆಯಾಗಿ ಕೂರುತ್ತದೆ, ಹೊರುವುದು ನೀವೊಬ್ಬರೇ.

ಎಷ್ಟು ವರ್ಷ ಹಿಡಿಯಿತು?

ಸ್ಕಾರ್ಫಿನಿಂದ ಏಪ್ರನ್, ಏಪ್ರನ್‌ನಿಂದ ತೋಟದ ಕೆಲಸಕ್ಕೆ ಹಾಕುವ ದೊಗಲೆ ಮೇಲಂಗಿ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಸಾಗಿ ಹೊರಗೆ ತೊಟ್ಟು ಹೋಗುವ ಮೊದಲ ಉಡುಪು ಬಂದದ್ದು 1966ರಲ್ಲಿ. ಎಂದರೆ 13 ವರ್ಷದ ಮೇಲೆ. ಲಂಡನ್ನಿನಲ್ಲಿ ತಮ್ಮ ಅಂಗಡಿ ತೆರೆದದ್ದು 1968ರಲ್ಲಿ. ಅಲ್ಲೂ ಮೊದಮೊದಲು ವ್ಯಾಪಾರ ಮಂದವಿತ್ತು. ಸುರಂಗ ರೈಲು ನಿಲ್ದಾಣಗಳಲ್ಲಿ ಜಾಹೀರಾತು ಅಂಟಿಸಿದ ಮೇಲೆ ಜನ ಬಂದರು. 1970ರ ಹೊತ್ತಿಗೆ ಲಂಡನ್ನಿನ ಒಂದೇ ಅಂಗಡಿಯಲ್ಲಿ ಒಂದೇ ವಾರದಲ್ಲಿ 4,000 ಉಡುಪು ಮಾರಾಟವಾದದ್ದುಂಟು. ಆಗ ಊರೆಲ್ಲ ಮೊಣಕಾಲ ಮೇಲಿನ ಗಿಡ್ಡ ಲಂಗದ ಕಾಲ. ಲಾರಾ ಮಾತ್ರ ಉದ್ದನೆಯ, ಹತ್ತಿಯ, ಸಣ್ಣ ಹೂವಿನ ಉಡುಪು ಕೊಟ್ಟರು. ಎಲ್ಲರೂ ಮಾರುವುದನ್ನೇ ಇವರೂ ಮಾರಿದ್ದರೆ ಇವರ ಅಂಗಡಿಗೆ ಬರಲು ಜನರಿಗೆ ಕಾರಣವಿರುತ್ತಿರಲಿಲ್ಲ.

ಹೆಣ್ಣು ಕರು ಹುಟ್ಟಿದ ದಿನವೇ ಯಾರೂ ಕ್ಯಾನ್ ಹಿಡಿದು ನಿಲ್ಲುವುದಿಲ್ಲ. ಅದು ಬೆಳೆಯಬೇಕು, ಬೆದೆಗೆ ಬರಬೇಕು, ಗಬ್ಬ ಕಟ್ಟಬೇಕು, ಆಮೇಲೆ 280 ದಿನ ಕಾಯಬೇಕು. ಇಷ್ಟು ತಾಳ್ಮೆ ಇರುವ ನಿಮಗೆ ವ್ಯಾಪಾರದಲ್ಲಿ ಮಾತ್ರ ಆರು ತಿಂಗಳಲ್ಲಿ ಅಸಲು ಬಡ್ಡಿ ಎರಡೂ ಬರಬೇಕೆಂಬ ಆತುರ ಏಕೆ?

ಬೋರ್ಡಿನ ಮೇಲೆ ಯಾರ ಹೆಸರು?

ಶುರುವಿನಲ್ಲಿ ಸಂಸ್ಥೆಗೆ ಇಬ್ಬರ ಮನೆತನದ ಹೆಸರೂ ಸೇರಿ 'ಆಶ್ಲಿ ಮೌಂಟ್‌ನಿ' ಎಂದಿತ್ತು. ಮೌಂಟ್‌ನಿ ಲಾರಾ ಅವರ ತವರಿನ ಹೆಸರು. ಇಂಥ ಸರಕಿಗೆ ಹೆಣ್ಣಿನ ಹೆಸರೇ ಒಪ್ಪುತ್ತದೆ ಎಂದು ಅದನ್ನು 'ಲಾರಾ ಆಶ್ಲಿ' ಎಂದು ಬದಲಾಯಿಸಿದ್ದು ಗಂಡ ಬರ್ನಾರ್ಡ್. 1977ರಲ್ಲಿ ಸಂಸ್ಥೆಗೆ ರಫ್ತಿಗಾಗಿ ಬ್ರಿಟನ್ನಿನ ರಾಣಿಯ ಪ್ರಶಸ್ತಿ ಬಂತು.

ಹೆಸರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಮೇವು ಹಾಕಿ, ಸಗಣಿ ಬಾಚಿ, ಹಾಲು ಕರೆಯುವುದು ನೀವು, ಡೇರಿ ಪುಸ್ತಕದಲ್ಲಿ ಇರುವುದು ಬೇರೆಯವರ ಹೆಸರು. ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದ ಮೇಲೆ ಇದು ಬದಲಾಗುತ್ತಿದೆ. ಸದಸ್ಯತ್ವ ನಿಮ್ಮ ಹೆಸರಿನಲ್ಲಿದ್ದರೆ, ಖಾತೆ ನಿಮ್ಮ ಹೆಸರಿನಲ್ಲಿದ್ದರೆ, ನಾಳೆ ಹೊಲಿಗೆಗೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಆ ವ್ಯವಹಾರವೇ ನಿಮ್ಮ ಪರವಾಗಿ ಮಾತಾಡುತ್ತದೆ. ಹೊಸ ಉದ್ಯಮಕ್ಕೆ ಬೋರ್ಡ್ ಬರೆಸುವ ಮುಂಚೆ, ಇರುವ ಉದ್ಯಮದ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ.

ಬೆಳೆದದ್ದೇ ಭಾರವಾದಾಗ

ಕಥೆಯ ಕೊನೆಯನ್ನು ಮುಚ್ಚಿಡಬಾರದು. 1985ರ ಹೊತ್ತಿಗೆ ಲೋಕದಾದ್ಯಂತ 200ಕ್ಕೂ ಹೆಚ್ಚು ಅಂಗಡಿಗಳಿದ್ದವು. ಆ ಸೆಪ್ಟೆಂಬರಿನಲ್ಲಿ ಮಗಳ ಮನೆಯ ಮೆಟ್ಟಿಲಿನಿಂದ ಬಿದ್ದು ಲಾರಾ ತೀರಿಕೊಂಡರು. ಆಗಷ್ಟೇ 60 ತುಂಬಿತ್ತು. ಅದೇ ವರ್ಷದ ಕೊನೆಯಲ್ಲಿ ಸಂಸ್ಥೆಯ ಷೇರುಗಳು ಪೇಟೆಗೆ ಬಂದವು. ಕೊಳ್ಳಲು ಜನ ಮುಗಿಬಿದ್ದರು. ಅಂಗಡಿಗಳು ಇನ್ನೂ ಹೆಚ್ಚಿದವು, ಸಾಲವೂ ಹೆಚ್ಚಿತು. 1990ರ ಹೊತ್ತಿಗೆ ಸಂಸ್ಥೆ ನಷ್ಟದಲ್ಲಿತ್ತು. 1998ರಲ್ಲಿ ಮಲೇಷ್ಯಾದ ಕಂಪನಿಯೊಂದು ದೊಡ್ಡ ಪಾಲು ಕೊಂಡಿತು. ಕಾರ್ನೊ ಹಳ್ಳಿಯ ಕಾರ್ಖಾನೆ ಮುಚ್ಚಿತು. 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದ ಹೊತ್ತಿನಲ್ಲಿ, ಸಂಸ್ಥೆ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿತು. ಈಗ 'ಲಾರಾ ಆಶ್ಲಿ' ಎಂಬ ಹೆಸರು ಉಳಿದಿದೆ, ಅದರ ಒಡೆಯರು ಬೇರೆ.

ಹತ್ತು ಪೌಂಡ್ ಅವರನ್ನು ಮುಳುಗಿಸಲಿಲ್ಲ, ಹೊಳೆಯ ನೀರೂ ಮುಳುಗಿಸಲಿಲ್ಲ. ಗಳಿಕೆಗಿಂತ ಮುಂದೆ ಓಡಿದ ಬೆಳವಣಿಗೆ ಕಷ್ಟಕ್ಕೆ ತಂದಿತು. ಎರಡು ಹಸುವಿಗೆ ಸಾಲುವಷ್ಟು ಮೇವು ಇಟ್ಟುಕೊಂಡು ಸಾಲ ಮಾಡಿ ಎಂಟು ಹಸು ಕಟ್ಟಿದವರ ಕೊಟ್ಟಿಗೆ ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಎಂಟೂ ಬಡಕಲಾಗುತ್ತವೆ, ಸರಿಯಾಗಿ ಬೆದೆಗೂ ಬರುವುದಿಲ್ಲ.

'ನಂದಿನಿ' ಎಂಬ ಹೆಸರಿನ ವಿಷಯ ಬೇರೆ. ಅದು ನಿಮ್ಮಂಥ ಹಾಲು ಉತ್ಪಾದಕರ ಸಹಕಾರ ಸಂಘಗಳು ಸೇರಿ ಕಟ್ಟಿದ ಹೆಸರು. ಹತ್ತು ಹೆಣ್ಣುಮಕ್ಕಳು ಸೇರಿ ಹೊಲಿಗೆ ಶುರು ಮಾಡುವುದಾದರೆ ಈ ದಾರಿಯನ್ನೂ ಯೋಚಿಸಿ. ಬಟ್ಟೆ ಒಟ್ಟಿಗೆ ತಂದರೆ ಸಗಟು ಬೆಲೆ ಸಿಗುತ್ತದೆ, ಒಬ್ಬರ ಮನೆಯಲ್ಲಿ ಬಾಣಂತನವಾದರೂ ಕೆಲಸ ನಿಲ್ಲುವುದಿಲ್ಲ.

ನಿಮ್ಮ ಕೂಲಿ ಲೆಕ್ಕಕ್ಕೆ ಬಂತೇ?

ಒಂದು ನೈಟಿಯ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ಬೆಲೆ ಹಾಕಿಕೊಳ್ಳಿ. ಬಟ್ಟೆಗೆ 160 ರೂಪಾಯಿ, ದಾರ, ಜಿಪ್‌ಗೆ 20, ಕರೆಂಟು ಮತ್ತು ಮೆಷಿನ್ ಸವಕಳಿಗೆ 10. ಒಟ್ಟು 190. ನೀವು 250ಕ್ಕೆ ಮಾರಿ 60 ರೂಪಾಯಿ ಲಾಭ ಎಂದುಕೊಂಡಿರಿ. ಆದರೆ ಕತ್ತರಿಸಲು, ಹೊಲಿಯಲು ಎರಡು ಗಂಟೆ ಹಿಡಿಯಿತು. ಗಂಟೆಗೆ 50 ರೂಪಾಯಿ ಕೂಲಿ ಎಂದರೂ 100 ಆಯಿತು. ಈಗ ಖರ್ಚು 290. ನಿಮಗಾದದ್ದು ಲಾಭವಲ್ಲ, 40 ರೂಪಾಯಿ ನಷ್ಟ. ಹಾಲಿನಲ್ಲೂ ಇದೇ ತಪ್ಪು ನಡೆಯುತ್ತದೆ: ಕೊಂಡ ಹಿಂಡಿ, ಬೂಸಾ ಮಾತ್ರ ಖರ್ಚಿಗೆ ಬರೆಯುತ್ತೇವೆ, ಹೊಲದ ಹುಲ್ಲು ಮತ್ತು ನಮ್ಮ ಬೆವರು ಬಿಟ್ಟಿ ಎಂದುಕೊಳ್ಳುತ್ತೇವೆ.

ಶುರು ಮಾಡುವವರು ಇಷ್ಟನ್ನು ನೆನಪಿಡಿ:

• ಮೊದಲು ಒಂದೇ ಒಂದು ವಸ್ತು. ಅಳತೆಯ ತಂಟೆ ಕಡಿಮೆ ಇರುವಂಥದ್ದು: ದಿಂಬಿನ ಕವರ್, ಕೈಚೀಲ, ಲಂಗ, ಕೌದಿ.

• ಮುಳುಗಿದರೂ ಮನೆ ನಡೆಯುವಷ್ಟೇ ಹಣ ಹಾಕಿ. ಒಂದೆರಡು ಬಟವಾಡೆಯ ಉಳಿತಾಯ ಸಾಕು.

• ಇಪ್ಪತ್ತು ಹೊಲಿದು ಮಾರಿ ನೋಡಿ. ಯಾವ ಬಣ್ಣ ಮೊದಲು ಖಾಲಿಯಾಯಿತು, ಯಾವುದು ಉಳಿಯಿತು ಬರೆದಿಡಿ. ಮುಂದಿನ ಇಪ್ಪತ್ತಕ್ಕೆ ಅದೇ ಗುರು.

• ನೆಂಟರಿಷ್ಟರಿಗೂ ಉದ್ರಿ ಕೊಡುವುದಾದರೆ ಪುಸ್ತಕದಲ್ಲಿ ಬರೆಯಿರಿ, ದಿನ ಹೇಳಿ ಕೊಡಿ.

• ಹಾಲಿನ ಖಾತೆ ಬೇರೆ, ಹೊಲಿಗೆ ಖಾತೆ ಬೇರೆ ಇರಲಿ. ಎರಡೂ ಕಲಸಿದರೆ ಯಾವುದು ಯಾವುದನ್ನು ಸಾಕುತ್ತಿದೆ ಎಂದು ಗೊತ್ತಾಗುವುದಿಲ್ಲ.

• ಎರಡನೇ ಮೆಷಿನ್ ಅನ್ನು ಮೊದಲ ಮೆಷಿನ್ ದುಡಿದ ಹಣದಲ್ಲಿ ಕೊಳ್ಳಿ.

ಮಾರಲೇಬೇಕಾದರೆ ಯಾವುದನ್ನು?

ಇಷ್ಟಾದ ಮೇಲೂ ಒಂದು ರಾಸು ಮಾರಬೇಕಾದ ಪರಿಸ್ಥಿತಿ ಬಂದರೆ, ಇದು ನನ್ನ ವಿದ್ಯೆಯ ಮಾತು, ಕೇಳಿ. ದಲ್ಲಾಳಿಗೆ ಫೋನ್ ಮಾಡುವ ಮುಂಚೆ ಗಬ್ಬ ಪರೀಕ್ಷೆ ಮಾಡಿಸಿ. ಏಳು ತಿಂಗಳು ತುಂಬಿ ಬತ್ತಿದ ಹಸು ಈಗ ದಂಡಕ್ಕೆ ತಿನ್ನುತ್ತಿದೆ ಎನಿಸುತ್ತದೆ. ಎರಡು ತಿಂಗಳು ಕಳೆದರೆ ಅದೇ ಮನೆಯ ಸಂಬಳ. ಅದನ್ನು ಮಾರಬೇಡಿ, ಗಬ್ಬದ ಪಡ್ಡೆಯನ್ನೂ ಮಾರಬೇಡಿ. ಚಿಕಿತ್ಸೆ ಕೊಟ್ಟರೂ ಪದೇ ಪದೇ ಗಬ್ಬ ನಿಲ್ಲದ, ವಯಸ್ಸಾಗಿ ಹಾಲು ಇಳಿದ ರಾಸು ಕೊಟ್ಟಿಗೆಯಲ್ಲಿದ್ದರೆ ಅದರ ಬಗ್ಗೆ ಯೋಚಿಸಬಹುದು. ಯಾವುದು ಯಾವ ಸ್ಥಿತಿಯಲ್ಲಿದೆ ಎಂದು ಪರೀಕ್ಷೆ ಮಾಡಿ ಹೇಳುವುದು ನಮ್ಮ ಕೆಲಸ. ನಿಮ್ಮ ಸಂಘದ ಕಾರ್ಯದರ್ಶಿಯ ಬಳಿ ಹೆಸರು ಬರೆಸಿ, ಮುಂದಿನ ಭೇಟಿಯಲ್ಲಿ ನೋಡುತ್ತೇವೆ. ಅಲ್ಲಿಯವರೆಗೆ ಹಗ್ಗ ಬಿಚ್ಚಬೇಡಿ, ಮೆಷಿನ್‌ಗೆ ಎಣ್ಣೆ ಹಾಕುತ್ತಿರಿ.